ಚೌಕ ತೂತಿನ ಜಪಾನಿ ನಾಣ್ಯ

ಮೊನ್ನೆ ಕೊರಿಯರ್‌ನಲ್ಲಿ ಬಂದ ಪೊಟ್ಟಣ ಬಿಚ್ಚಿ, ಒಳಗಿದ್ದ ಕಂಚಿನ ನಾಣ್ಯವನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿದ್ದೆ. ಮುಖ ಒರೆಸಿಕೊಳ್ಳಲು ಕೈ ಎತ್ತಿದಾಗ ಆ ವಾಸನೆ ಬಂತು... ಬೆವರು ತಾಗಿದ ಹಳೆಯ ಲೋಹದ್ದು. ಅದರ ಜೊತೆಗೆ ಆಸ್ಪತ್ರೆಯ ಸಾಬೂನಿನ ವಾಸನೆಯೂ ಇರಬೇಕಿತ್ತು. ಕೈ ತೊಳೆಯದೆ ಜಪಾನನ್ನು ಮುಟ್ಟಿದ್ದೆ. ಪಕ್ಕದ ಮನೆಯ ಸಿಸ್ಟರಮ್ಮ ಇದ್ದಿದ್ದರೆ ಈ ಅಪರಾಧಕ್ಕೆ ಮಾಫಿ ಇರಲಿಲ್ಲ.

ನೌಬಾದದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹೆರಿಗೆ ವಾರ್ಡಿನ ಹೆಡ್ ಸಿಸ್ಟರ್ ಆಗಿ ನಿವೃತ್ತರಾದವರು, ಮದುವೆಯಾದವರಲ್ಲ. ಭಾನುವಾರ ಬೆಳಿಗ್ಗೆ ಚರ್ಚು, ಮಧ್ಯಾಹ್ನ ಜಪಾನ್ ಎಂಬುದು ಅವರ ಮನೆಯ ಸಂವಿಧಾನ. ಅವರ ಜಪಾನಿ ನಾಣ್ಯಗಳ ಆಲ್ಬಮ್ ನೋಡಲು ಬಂದವರು ಆಪರೇಷನ್ನಿಗೆ ಹೋಗುವ ಡಾಕ್ಟರರಂತೆ ಮೊಣಕೈವರೆಗೆ ಕೈ ತೊಳೆಯಬೇಕಿತ್ತು. ಒಂದು ಯೆನ್ನಿನ ಅಲ್ಯೂಮಿನಿಯಂ ಬಿಲ್ಲೆಯನ್ನು ಅವರು ಬಟ್ಟಲ ನೀರಿನ ಮೇಲೆ ತೇಲಿಸಿ ತೋರಿಸಿದ ದಿನ, ಆ ದೇಶದ ಅರ್ಥವ್ಯವಸ್ಥೆಯ ಗುಟ್ಟು ತಿಳಿಯಿತೆಂದು ನಾನು ಗಂಭೀರವಾಗಿ ಘೋಷಿಸಿದ್ದೆ. ಅವರು ನಗಲಿಲ್ಲ. ಜಪಾನಿನ ವಿಷಯದಲ್ಲಿ ಅವರಿಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಇದನ್ನೆಲ್ಲ ಶುರು ಮಾಡಿದವನು ಔರಾದ ಬಸ್ಸಿನ ಕಂಡಕ್ಟರ್. ಅವನ ಹೆಂಡತಿಯ ಕಷ್ಟದ ಹೆರಿಗೆಯನ್ನು ಸಿಸ್ಟರಮ್ಮ ಮಾಡಿಸಿದ್ದರು. ಬೌದ್ಧ ಮನೆತನದವನಾದ ಅವನು ವರ್ಷಕ್ಕೊಮ್ಮೆ ನಾಗಪುರಕ್ಕೆ ಯಾತ್ರೆ ಹೋಗುತ್ತಿದ್ದ. ಅಲ್ಲಿಗೆ ಬಂದಿದ್ದ ಜಪಾನಿ ಯಾತ್ರಿಕರು ನೆನಪಿಗೆಂದು ಕೊಟ್ಟ ಚಿಲ್ಲರೆಯನ್ನು ತಂದು ಇವರ ಮುಂದಿಟ್ಟ.

"ನಮ್ಮ ಬಸ್ಸಿನಾಗಂತೂ ಇದು ನಡ್ಯಾಂಗಿಲ್ರಿ, ನೀವೇ ಇಟ್ಕೋರಿ" ಎಂದ.

ಆಮೇಲೆ ಪ್ರತಿ ವರ್ಷ ತಂದ. ಗಲ್ಫಿಗೆ ನರ್ಸ್ ಕೆಲಸಕ್ಕೆ ಹೋಗಿದ್ದ ಇವರ ಶಿಷ್ಯೆಯರೂ ಅಲ್ಲಿ ಸಿಕ್ಕ ಜಪಾನಿ ಚಿಲ್ಲರೆ ಕಳಿಸತೊಡಗಿದರು. ನಮ್ಮ ನಿಜಾಮರ ನಾಣ್ಯಗಳಂತೆ ಅವುಗಳ ಮೇಲೂ ದೊರೆಯ ಆಳ್ವಿಕೆಯ ವರ್ಷ. ಅದನ್ನು ಓದಲು ಸಿಸ್ಟರಮ್ಮ ಜಪಾನಿ ಅಂಕಿಗಳನ್ನು ಕಲಿತರು. ಒಂದು ಸಲ ಕಂಡಕ್ಟರ್ ಮುದಿ ಭಿಕ್ಷುವೊಬ್ಬರಿಂದ ಚೌಕ ತೂತಿನ, ಸುತ್ತ ನಾಲ್ಕು ಅಕ್ಷರಗಳ ಪುರಾತನ ಕಂಚಿನ ನಾಣ್ಯ ತಂದ. ಅದಕ್ಕೆ ಆಲ್ಬಮ್ಮಿನ ಮೊದಲ ಪುಟ, ಮೊದಲ ಜೇಬು.

ಇಲ್ಲೇ ನಮ್ಮೂರು ನಡುವೆ ಬಂತು. ನಮ್ಮಲ್ಲಿ ತೂತಿನ ಪೈಸೆಯೆಂದರೆ ಸಂಗ್ರಹದ ವಸ್ತುವಲ್ಲ, ಕೂಸಿನ ಉಡದಾರಕ್ಕೆ ಕಟ್ಟುವ ದೃಷ್ಟಿ ಮದ್ದು. ನಿಜಾಮರ ಕಾಲದ ತೂತಿನ ಪೈಸೆಗಳು ಕಾಣೆಯಾದ ಮೇಲೆ ಓಣಿಯ ತಾಯಂದಿರ ಕಣ್ಣು ಜಪಾನಿನ ಮೇಲೆ ಬಿತ್ತು.

"ಸಿಸ್ಟರಮ್ಮ, ಒಂದು ತೂತಿನ ಪೈಸಾ ಕೊಡ್ರಿ. ಕೂಸಿಗಿ ದೃಷ್ಟಿ ಆಗ್ಯದ."

"ಜಪಾನದ ರೊಕ್ಕಕ್ಕ ನೌಬಾದದ ದೃಷ್ಟಿ ಹ್ಯಾಂಗ ತಿಳೀತದವ್ವ? ಮೊದಲ ಕೂಸಿನ ತೂಕ ನೋಡಿಸು, ನಡಿ."

ಅವರು ಬೈದರೆ ಅದಕ್ಕೆ ಆಧಾರವಿತ್ತು. ವಾರ್ಡಿನಲ್ಲಿ ಅವರ ಜೇಬಿನ ಕತ್ತರಿ ಎಷ್ಟೋ ಕೂಸುಗಳ ಕರಿದಾರ ಕತ್ತರಿಸಿತ್ತು. ದಾರ ಚರ್ಮಕ್ಕೆ ಕಚ್ಚುತ್ತದೆ, ಹೊಲಸು ಕೂಡುತ್ತದೆ ಎಂದು ಕಿರಿಯ ಸಿಸ್ಟರುಗಳಿಗೂ ಅದೇ ಪಾಠ. ನನ್ನ ಅಂಗೈ ತಗಡಿಗೆ ಸಿಕ್ಕಿ ಸೀಳಿದಾಗ ಹೊಲಿಗೆ ಹಾಕಿದವರೂ ಅವರೇ. ಕೆಲವು ದಿನ ಬಿಟ್ಟು ನಾನು ಹೊಲಿಗೆಯ ತುದಿ ಎಳೆಯುವುದನ್ನು ಕಂಡು ಗುಡುಗಿದ್ದರು: "ಟಾಂಕಿ ಹಾಕಿದಾಕಿ ನಾ. ಬಿಚ್ಚಾಕಿನೂ ನಾನೇ. ನಿಮ್ಮ ಶಾಣ್ಯಾತನ ನಿಮ್ಮ ಆಫೀಸಿನಾಗ ತೋರಸ್ರಿ."

ಆ ವರ್ಷ ಅವರ ತಂಗಿಯ ಮಗಳು ಭಾಲ್ಕಿಯಿಂದ ಹೆರಿಗೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಭಾನುವಾರದ ಮಧ್ಯಾಹ್ನಗಳಲ್ಲಿ ಸಿಸ್ಟರಮ್ಮ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಪುಟ ತಿರುವುತ್ತಿದ್ದರು. "ನನ್ನ ಜಪಾನ ಪೂರಾ ಇಕಿ ಹೆಸರಿಗೇ" ಎನ್ನುತ್ತಿದ್ದರು. ಕೂಸಿನ ಕೈಯನ್ನೂ ತೊಳೆಯುತ್ತಿದ್ದರು.

ಕೂಸಿಗೆ ಜ್ವರ ಬಂತು. ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ನಾನು ಊಟದ ಡಬ್ಬಿ ಒಯ್ದಾಗ, ಸಿಸ್ಟರಮ್ಮ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಅವರೇ ಪಾಠ ಹೇಳಿದ್ದ ಹುಡುಗಿಯೊಬ್ಬಳು ಡ್ಯೂಟಿಯಲ್ಲಿದ್ದಳು. ಕೂಸಿನ ಹೊದಿಕೆ ಸರಿಸಿದವಳು ಹಾಗೇ ನಿಂತಳು. ಸೊಂಟದಲ್ಲಿ ಕರಿದಾರ. ದಾರದಲ್ಲಿ ಚೌಕ ತೂತಿನ ನಾಣ್ಯ.

"ಸಿಸ್ಟರಮ್ಮ... ಇದು ಕಟ್ ಮಾಡ್ಬೇಕಲ್ರಿ. ನೀವೇ ಕಲಿಸೀರಿ."

ಅವರು ಅವಳ ಕೈಯ ಕತ್ತರಿಯನ್ನೇ ನೋಡಿದರು.

"ಇರ್ಲಿ ಬಿಡವ್ವ" ಎಂದರು. ದಾರದಡಿ ಬೆರಳು ತೂರಿಸಿ ತೋರಿಸಿ, "ಸಡ್ಲ ಕಟ್ಟೀನಿ... ಕಚ್ಚಾಂಗಿಲ್ಲ" ಎಂದರು.

ಹುಡುಗಿ ಹೊದಿಕೆ ಎಳೆದು ಮುಚ್ಚಿ ಮುಂದಿನ ಮಂಚಕ್ಕೆ ಹೋದಳು. ಡಬ್ಬಿಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಕೂಸು ಉಳಿಯಲಿಲ್ಲ.

ಮಣ್ಣಿಗೆ ಇಡುವ ಮುಂಚೆ ಯಾರೋ ದಾರ ತೆಗೆಯುವ ಮಾತೆತ್ತಿದರು. ಪಾಸ್ಟರರು ಪ್ರಾರ್ಥನೆಯ ಪುಟ ಹುಡುಕುವವರಂತೆ ತಲೆ ತಗ್ಗಿಸಿಕೊಂಡರು. ನಾಣ್ಯ ಕೂಸಿನ ಜೊತೆಗೇ ಹೋಯಿತು.

ಆಮೇಲೆ ಓಣಿಯ ತಾಯಂದಿರು ತೂತಿನ ಪೈಸೆ ಕೇಳಲು ಬರಲಿಲ್ಲ. ಜಪಾನಿನ ರೊಕ್ಕ ಕೆಲಸಕ್ಕೆ ಬಾರದ್ದೆಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು... ಸಿಸ್ಟರಮ್ಮ ಅಷ್ಟು ವರ್ಷ ಹೇಳಿದ್ದನ್ನು ಯಾರೂ ನಂಬಿರಲಿಲ್ಲ, ಈಗ ಒಂದೇ ವಾರದಲ್ಲಿ ನಂಬಿದರು. ಕಂಡಕ್ಟರ್ ಮಾತ್ರ ನಾಗಪುರದಿಂದ ಮತ್ತೆ ತಂದ. ಸಿಸ್ಟರಮ್ಮ ಅವನಿಗೆ ಚಹಾ ಕೊಟ್ಟು, ತಂದದ್ದನ್ನು ಅವನ ಅಂಗಿಯ ಜೇಬಿಗೇ ಹಾಕಿ, "ಇನ್ನ ತರಬ್ಯಾಡಪ್ಪ" ಎಂದರು. ಭಾನುವಾರದ ಮಧ್ಯಾಹ್ನಗಳಲ್ಲಿ ಗೋಡೆಯಾಚೆ ಸದ್ದಿರಲಿಲ್ಲ.

ಅವರು ತೀರಿಹೋಗಿ ಕೆಲವು ವರ್ಷಗಳಾದವು. ತಂಗಿಯ ಮಗಳು ಮನೆ ಖಾಲಿ ಮಾಡುವಾಗ ಆಲ್ಬಮ್ಮನ್ನು ನನಗೆ ಕೊಟ್ಟಳು. "ನಮ್ಮ ಮನಿಯಾಗ ಇಡೂದು ಆಗಂಗಿಲ್ರಿ, ಕಾಕಾ" ಎಂದಳು. ನಾನೂ ತೆರೆಯದೆ ಅಲ್ಮಾರಿಯಲ್ಲಿಟ್ಟೆ. ಈಚೆಗೆ ಮೊಬೈಲಿನಲ್ಲಿ ಅಂಥದೇ ಚೌಕ ತೂತಿನ ನಾಣ್ಯ ಕಂಡಿತು. ಅಪರೂಪದ್ದೇನಲ್ಲವಂತೆ, ರಾಶಿ ರಾಶಿ ಸಿಗುತ್ತದಂತೆ. ಮೊದಲ ಜೇಬಿನ ಖಾಲಿ ತುಂಬೋಣವೆಂದು ತರಿಸಿದೆ.

ಎದ್ದು ಹೋಗಿ ಮೊಣಕೈವರೆಗೆ ಕೈ ತೊಳೆದು ಬಂದು ಆಲ್ಬಮ್ ತೆರೆದೆ. ಮೊದಲ ಪುಟ. ಮೊದಲ ಜೇಬಿನ ಬಾಯಿಗೆ ಕರಿದಾರದ ಹೊಲಿಗೆ ಬಿದ್ದಿತ್ತು. ಒತ್ತಾದ, ಸಮನಾದ ಗಂಟುಗಳು, ನನ್ನ ಅಂಗೈಯಲ್ಲಿ ಇನ್ನೂ ಕಾಣುವ ಕಲೆಯಂಥವು. ಒಳಗೆ ಏನೂ ಇಲ್ಲ.

ನಾಣ್ಯ ಮೇಜಿನ ಮೇಲೇ ಇದೆ. ಕತ್ತರಿಯೇನೋ ಮನೆಯಲ್ಲಿದೆ. ಆ ಟಾಂಕಿ ಬಿಚ್ಚಬೇಕಾದವರು ಇಲ್ಲ.