ಎಡಗಡೆಯ ಕಚ್ಚಾ ಪುಟ

ಆ ಹಾಳೆ ನೋಟಿಸ್ ಬೋರ್ಡಿಗೆ ಬಿದ್ದ ದಿನ ನಾನು ಕಾಲೇಜಿನಲ್ಲಿ ದೊಡ್ಡ ಮನುಷ್ಯನಾದೆ. ಕ್ಯಾಲ್ಕುಲಸ್ ತರಗತಿಯ ನಿಯಮಗಳು, ಎಲ್ಲ ಇಂಗ್ಲಿಷಿನಲ್ಲಿ, ಟೈಪ್ ಮಾಡಿದ್ದು. ಮದ್ರಾಸಿನ ಕಡೆಯಿಂದ ಹೊಸದಾಗಿ ಬಂದ ಲೆಕ್ಚರರ್ ಸಾಹೇಬರು ಅದನ್ನು ಹಚ್ಚಿ, ಕೈಯ ಧೂಳು ಝಾಡಿಸಿ, ಒಂದು ಮಾತೂ ಆಡದೆ ಹೋಗಿಬಿಟ್ಟರು. ಇಪ್ಪತ್ತು ಮೂವತ್ತು ಹುಡುಗರು ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಂತರು. ಎಲ್ಲರೂ ಉರ್ದುವಿನಲ್ಲಿ ಓದಿ ಬಂದವರು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷವಾಗಿತ್ತು. ಕಚೇರಿಯಿಂದಲೂ ಕಾಲೇಜಿನಿಂದಲೂ ಉರ್ದು ಮೆಲ್ಲಗೆ ಕಾಲು ತೆಗೆಯುತ್ತಿತ್ತು. ನಮ್ಮೂರು ಯಾದಗಿರಿಯ ಚಹಾದಂಗಡಿಯಲ್ಲಿ ಹಿರಿಯರು ವಿಲೀನ ವಿಲೀನ ಎಂದು ವಾದಕ್ಕೆ ಬೀಳುತ್ತಿದ್ದರೆ, ನಾವು ಇಂಟಿಗ್ರೇಷನ್ ಇಂಟಿಗ್ರೇಷನ್ ಎಂದು ತಲೆ ಕೆಡಿಸಿಕೊಂಡಿದ್ದೆವು. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಶಬ್ದ ಎಂದು ಗೊತ್ತಿದ್ದವನು ತರಗತಿಯಲ್ಲಿ ನಾನೊಬ್ಬನೇ.

ಅದು ನನ್ನ ಜಾಣತನವೇನೂ ಅಲ್ಲ. ಅಪ್ಪ ಯಾದಗಿರಿ ಸ್ಟೇಷನ್ನಿನಲ್ಲಿ ಗೂಡ್ಸ್ ಕ್ಲರ್ಕ್. ನಾನು ಚಿಕ್ಕವನಿದ್ದಾಗ ಕೆಲವು ವರ್ಷ ಸೊಲ್ಲಾಪುರದ ಅತ್ತೆಯ ಮನೆಯಲ್ಲಿದ್ದು ಅಲ್ಲಿನ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತಿದ್ದೆ. ಅಷ್ಟೇ ಬಂಡವಾಳ. ಆ ಬಂಡವಾಳದ ಮೇಲೆ ನಾನು ಬೋರ್ಡಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಒಂದೊಂದೇ ನಿಯಮ ಓದಿ ಹೇಳಿದೆ. ಹೋಂವರ್ಕ್ ಪ್ರತಿ ಸೋಮವಾರ ಮೊದಲ ಗಂಟೆಗೆ ಮುಂಚೆ ಮೇಜಿನ ಮೇಲಿರಬೇಕು. ರೈಲು ತಡವಾಯಿತು ಎಂದರೆ ನಡೆಯುವುದಿಲ್ಲ. ಕಾಗದ ಸಿಗುವುದು ಕಷ್ಟವಾದ್ದರಿಂದ ಇಬ್ಬರಿಗೆ ಒಂದೇ ನೋಟ್‌ಬುಕ್. ಹೋಂವರ್ಕಿನ ಅಂಕ ವಾರ್ಷಿಕ ಪರೀಕ್ಷೆಗೆ ಸೇರುವುದಿಲ್ಲ, ಆದರೆ ಮೂರು ಸಲ ತಪ್ಪಿಸಿದವನಿಗೆ ಪರೀಕ್ಷೆಗೆ ಕೂಡಲು ಅಪ್ಪಣೆಯಿಲ್ಲ. ಕೊನೆಯದು ಎಲ್ಲಕ್ಕಿಂತ ದೊಡ್ಡದು: ವಾರ್ಷಿಕ ಪರೀಕ್ಷೆಯಲ್ಲಿ ಮುಂದೆ ಬಂದ ಒಬ್ಬನಿಗೆ, ಒಬ್ಬನಿಗೆ ಮಾತ್ರ, ಹೈದರಾಬಾದಿನಲ್ಲಿ ಎಂ.ಎ. ಗಣಿತದ ಸೀಟಿಗೆ ಸಾಹೇಬರು ಶಿಫಾರಸು ಪತ್ರ ಕೊಡುತ್ತಾರೆ.

ಆ ಒಬ್ಬ ನಾನೇ ಎಂದು ನಾನು ಅಲ್ಲಿಯೇ ನಿಂತು ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಹಿಂದಿನಿಂದ ಯಾರೋ ನನ್ನ ತೋಳು ಹಿಡಿದರು.

"ದೋಸ್ತ, ನಾ ನಿನ್ನ ಜೋಡಿ ಆಗ್ತೀನಿ. ನೀ ಬರೀ, ನಾ ಬಿಡಸ್ತೀನಿ."

ವನದುರ್ಗದವನು ಅವನು. ಕುರಿಗಾರರ ಮನೆಯ ಹುಡುಗ. ಶಹಾಪುರದ ಶಾಲೆಯಲ್ಲಿ ಉರ್ದುವಿನಲ್ಲಿ ಓದಿ ಬಂದಿದ್ದ. ಉದ್ದ, ಕಪ್ಪು, ಅಂಗಿಯ ಮೇಲಿನ ಗುಂಡಿ ಎಂದೂ ಇರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು ಎ, ಬಿ, ಸಿ, ಎಕ್ಸ್, ವೈ, ಮತ್ತು ಲೆಕ್ಕದ ಪುಸ್ತಕದ ನಾಲ್ಕಾರು ಶಬ್ದ. ಇವನಿಂದ ನನಗೇನು ಅಪಾಯ ಎಂದುಕೊಂಡು ಹೂಂ ಎಂದೆ.

ಕಾಲೇಜು ಬೇರೆ ಊರಿನಲ್ಲಿ, ವಾರವೆಲ್ಲ ಹಾಸ್ಟೆಲ್. ಶನಿವಾರ ಮಧ್ಯಾಹ್ನ ಪ್ಯಾಸೆಂಜರ್ ಹತ್ತಿ ನಾನು ಯಾದಗಿರಿಗೆ ಬರುತ್ತಿದ್ದೆ, ಅವನೂ ನನ್ನ ಸಂಗಡ. ಅವನ ಊರಿಗೆ ಹೋಗಬೇಕೆಂದರೆ ಶಹಾಪುರದ ಬಸ್ಸು ಹಿಡಿದು, ಅಲ್ಲಿಂದ ಮುಂದೆ ನಡೆದು, ಮುಟ್ಟುವ ಹೊತ್ತಿಗೆ ತಿರುಗಿ ಹೊರಡಬೇಕಾಗುತ್ತಿತ್ತು. ಹಾಗಾಗಿ ಭಾನುವಾರ ನಮ್ಮ ಮನೆಯಲ್ಲೇ ಉಳಿದು ಹೋಂವರ್ಕ್. ಮೊದಲ ಭಾನುವಾರವೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಇವನು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಅವಳ ಕೈಯನ್ನೇ ನೋಡುತ್ತ ಕುಳಿತಿದ್ದ. ನಾನು ಲೆಕ್ಕ ಓದಿದೆ. ಕಣ್ಣು ರೊಟ್ಟಿಯ ಮೇಲಿಂದ ತೆಗೆಯದೆ ಉತ್ತರ ಹೇಳಿದ. ನಾನಿನ್ನೂ ಲೇಖನಿಯನ್ನು ಮಸಿಯಲ್ಲಿ ಅದ್ದಿರಲಿಲ್ಲ.

"ಹ್ಯಾಂಗ ಬಂತಲೇ?"

"ಹ್ಯಾಂಗ ಅಂದ್ರ? ಕಾಣ್ತದಲ್ಲೋ. ಕಡೀಗೆ ಮುಸ್ತಕಿಲ್ ಹಾಕೋದು ಮರೀಬ್ಯಾಡ."

ಇಂಟಿಗ್ರೇಷನ್ನಿನ ಕೊನೆಯಲ್ಲಿ ಸೇರಿಸುವ ಸ್ಥಿರಾಂಕಕ್ಕೆ ಅವನ ಉರ್ದು ಪುಸ್ತಕದಲ್ಲಿ ಮುಸ್ತಕಿಲ್ ಎಂದೇ ಹೆಸರು. ಹೊರಗೆ ಪೇಪರ್ ಓದುತ್ತಿದ್ದ ಅಪ್ಪನಿಗೆ ಆ ಶಬ್ದ ಕೇಳಿಸಿತು. ರೈಲ್ವೆಯವರಿಗೆ ಮುಸ್ತಕಿಲ್ ಎಂದರೆ ಕಾಯಂ ನೌಕರಿ. "ಯಾರಿಗೆ ಮುಸ್ತಕಿಲ್ ಆತೋ?" ಎಂದು ಎದ್ದೇ ಬಂದರು. ಅವನು ನಕ್ಕು ಅಪ್ಪನಿಗೆ ಅದನ್ನು ವಿವರಿಸಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ, ಜೀವಮಾನದಲ್ಲಿ ನನ್ನ ಪುಸ್ತಕ ಮುಟ್ಟದ ಅಪ್ಪ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತರು. ಅವ್ವ ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

"ತಿನ್ನು ತಮ್ಮಾ. ಎಷ್ಟ್ ಶ್ಯಾಣ್ಯಾ ಅದಿ ನೋಡು." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅದಿ" ಎಂದಳು.

ಆ 'ನೀನೂ ಅದಿ' ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಅವನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದು ಸುಳ್ಳಿಲ್ಲದೆ ಹೇಳುತ್ತೇನೆ: ಅವನ ಕಣ್ಣಿಗೆ ಏನಾದರೂ ಆಗಲಿ, ಕಾಣುವುದು ನಿಲ್ಲಲಿ ಎಂದುಕೊಂಡೆ. ಮರುಕ್ಷಣ ಹೆದರಿ ಕೆನ್ನೆ ಬಡಿದುಕೊಂಡೆ. ಮುಂದಿನ ಭಾನುವಾರ ಮತ್ತೆ ಅದನ್ನೇ ಬಯಸಿದೆ.

ನಮ್ಮ ನೋಟ್‌ಬುಕ್ಕಿಗೆ ವಾರವಾರವೂ ಹತ್ತಕ್ಕೆ ಹತ್ತು. ಅಕ್ಷರ ನನ್ನದು, ಬುದ್ಧಿ ಅವನದು. ಅವನು ಉತ್ತರ ಹೇಳುತ್ತಿದ್ದ, ನಾನು ಹೆಜ್ಜೆ ಹೆಜ್ಜೆ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ಕೇಳುವಾಗ ಕಲಿಯುತ್ತಿದ್ದೆ, ಕಲಿಯುವಾಗ ಉರಿಯುತ್ತಿದ್ದೆ. ಹಾಸ್ಟೆಲಿನಲ್ಲಿ ಮಾತ್ರ ನನ್ನ ನಾಲಿಗೆ ಉದ್ದವಾಗಿತ್ತು. ಅವ ಕುರಿ ಎಣಿಸಿ ಎಣಿಸಿ ಲೆಕ್ಕ ಕಲಿತವ ಎಂದು ನಾನೇ ಎಲ್ಲರಿಗೂ ಹಬ್ಬಿಸಿದೆ. ಒಂದು ದಿನ ಒಬ್ಬ ಅವನ ಮುಖದ ಮೇಲೆಯೇ ಅದನ್ನು ಅಂದ. ಅವನಿಗೆ ಸಿಟ್ಟೇ ಬರಲಿಲ್ಲ.

"ಹೌದು, ಕುರಿ ಎಣಿಸೇ ಕಲ್ತೀನಿ. ಕುರಿ ಏನ್ ನಿಂತಲ್ಲೇ ನಿಲ್ತಾವೇನು? ಓಡಾಕತ್ತಿದ್ದನ್ನ ಎಣಿಸೋದೇ ಕ್ಯಾಲ್ಕುಲಸ್ ಅಲ್ಲೇನಪ್ಪಾ?"

ಹುಡುಗರು ಹೋ ಎಂದು ಚಪ್ಪಾಳೆ ತಟ್ಟಿದರು. ನಾನು ಹಬ್ಬಿಸಿದ ಮಾತು ಅವನ ಹೆಚ್ಚುಗಾರಿಕೆಯಾಯಿತು. ನಾನೂ ಚಪ್ಪಾಳೆ ತಟ್ಟಬೇಕಾಯಿತು.

ದೀಪಾವಳಿಯ ರಜೆಯಲ್ಲಿ ನನಗೆ ಚಳಿಜ್ವರ ಬಂತು. ಆ ಸಲದ ಹೋಂವರ್ಕನ್ನು ಅವನೊಬ್ಬನೇ ಮಾಡಬೇಕಾಯಿತು. ನೋಟ್‌ಬುಕ್ ತೆಗೆದುಕೊಂಡು ಸುರಪುರದ ಅಕ್ಕನ ಮನೆಗೆ ಹೋದವನು ಅಲ್ಲಿಯೇ ಬರೆದು ತಂದು ಮೇಜಿನ ಮೇಲಿಟ್ಟ. ವಾರದ ಮೇಲೆ ನೋಟ್‌ಬುಕ್ ತಿರುಗಿ ಬಂತು, ಎಂದಿನಂತೆ ನನ್ನ ಕೈಗೆ. ತೆರೆದು ನೋಡಿದರೆ ಹತ್ತಕ್ಕೆ ಎರಡು.

ಕಾರಣ ನನಗೆ ಕೂಡಲೇ ತಿಳಿಯಿತು. ನಮ್ಮ ಕಡೆಯ ಹಳೆಯ ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು. ಎಡಗಡೆಯ ಪುಟ ಕಚ್ಚಾ, ಬಲಗಡೆಯ ಪುಟ ಪಕ್ಕಾ. ಲೆಕ್ಕವನ್ನೆಲ್ಲ ಎಡಕ್ಕೆ ಮಾಡಿ, ಬಲಕ್ಕೆ ಚೊಕ್ಕವಾಗಿ ಉತ್ತರ ಬರೆದು, ಆಮೇಲೆ ಕಚ್ಚಾ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆ ಗೀಟು ಎಳೆಯಬೇಕು. ಎಳೆಯದಿದ್ದರೆ ಮೌಲ್ವಿ ಸಾಹೇಬರಿಂದ ಬೆರಳಿನ ಗೆಣ್ಣಿಗೆ ರೂಲುದೊಣ್ಣೆಯ ಏಟು. ಹೊಲಸು ತೋರಿಸಿಕೊಂಡು ತಿರುಗಬಾರದು ಎಂಬ ಮರ್ಯಾದೆ ಅದು. ವನದುರ್ಗದವನು ಆ ಮರ್ಯಾದೆಯನ್ನು ಚಾಚೂ ತಪ್ಪದೆ ನಡೆಸಿದ್ದ. ಬಲಕ್ಕೆ ಎರಡು ಸಾಲು ಉತ್ತರ; ಎಡಕ್ಕೆ ಇಡೀ ಲೆಕ್ಕ, ಅದರ ಮೇಲೆ ನೇರವಾದ, ಸುಂದರವಾದ ಗೀಟು. ಕೆಳಗೆ ಸಾಹೇಬರು ಕೆಂಪು ಮಸಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು: ಹೊಡೆದು ಹಾಕಿದ್ದಕ್ಕೆ ಅಂಕ ಕೊಡುವುದಿಲ್ಲ, ವಾರ್ಷಿಕ ಪರೀಕ್ಷೆಯಲ್ಲಿಯೂ ಇದೇ ನಿಯಮ, ನೆನಪಿರಲಿ.

"ಎಷ್ಟ್ ಬಂತೋ?" ಎಂದು ಅವನು ಕೇಳಿದ.

"ಹತ್ತು."

ಆ ಶಬ್ದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಜ್ವರದ ಬಾಯಿ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಜ್ವರ ಇಳಿದು ಮೂರು ದಿನವಾಗಿತ್ತು. ಆ ಭಾನುವಾರ ಅವನು ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಾಗ ಜೋಳದ ಹಿಟ್ಟು ಕಲಸಿ ಅಂಟು ಮಾಡಿ, ಕೆಂಪು ಮಸಿ ಒಳಗೆ ಮುಚ್ಚಿಹೋಗುವಂತೆ ಆ ಹಾಳೆಯನ್ನು ಮುಂದಿನ ಹಾಳೆಗೆ ಅಂಟಿಸಿದೆ. ಅಂಚು ಅಂಚಿಗೆ ಕೂಡಿಸಿ ಬೆರಳಿನಿಂದ ಒತ್ತಿದೆ. ಹೇಳಿದರಾಯಿತು, ಪರೀಕ್ಷೆಗೆ ಇನ್ನೂ ತಿಂಗಳುಗಳಿವೆ ಎಂದುಕೊಂಡೆ. ಮತ್ತೆ ಮೊದಲಿನಂತೆ ಅವನು ಹೇಳಿದ, ನಾನು ಬರೆದೆ. ಹತ್ತಕ್ಕೆ ಹತ್ತು ಬರುತ್ತಾ ಹೋಯಿತು. ಹೇಳಲು ಎಷ್ಟೋ ಭಾನುವಾರ ಸಿಕ್ಕವು. ಒಂದೊಂದು ಭಾನುವಾರವೂ ಅವ್ವನೋ ಅಪ್ಪನೋ ಅವನನ್ನು ಹೊಗಳಿಬಿಡುತ್ತಿದ್ದರು, ನನ್ನ ಬಾಯಿಗೆ ಬೀಗ ಬೀಳುತ್ತಿತ್ತು.

ಪರೀಕ್ಷೆಯಲ್ಲಿ ಕ್ಯಾಲ್ಕುಲಸ್ಸಿಗೆ ಎರಡು ಪೇಪರು, ನಡುವೆ ಒಂದು ದಿನ ಬಿಡುವು. ನನ್ನ ಜಾಗ ಅವನ ಹಿಂದಿನ ಬೆಂಚಿನಲ್ಲಿ, ಸ್ವಲ್ಪ ಓರೆಗೆ. ಮೊದಲ ಪೇಪರಿನ ದಿನ ಅರ್ಧ ಹೊತ್ತಿಗೆಲ್ಲ ಅವನು ಮುಗಿಸಿದ. ಆಮೇಲೆ ಕಟ್ಟಿಗೆಯ ರೂಲು ತೆಗೆದು, ಉತ್ತರಪತ್ರಿಕೆಯ ಎಡಗಡೆಯ ಪುಟಗಳನ್ನು ಒಂದೊಂದಾಗಿ ತಿರುವಿ, ಮೂಲೆಯಿಂದ ಮೂಲೆಗೆ ಗೀಟು ಎಳೆಯತೊಡಗಿದ. ಅವಸರವಿಲ್ಲ. ರೂಲು ಇಟ್ಟು, ಸರಿಯಾಗಿದೆಯೇ ನೋಡಿ, ಎಳೆದ. ಒಂದು ಕೆಮ್ಮು ಕೆಮ್ಮಿದ್ದರೆ ತಿರುಗಿ ನೋಡುತ್ತಿದ್ದನೇನೋ. ನಾನು ನನ್ನ ಪೇಪರಿನ ಮೇಲೆ ಬಗ್ಗಿದೆ.

ಅದನ್ನು ಹೇಗೋ ಕ್ಷಮಿಸಬಹುದು; ಹಾಲಿನಲ್ಲಿ ಮಾತಾಡಬಾರದು. ನಡುವಿನ ಆ ಒಂದು ದಿನಕ್ಕೆ ನನ್ನಲ್ಲಿ ಯಾವ ನೆಪವೂ ಇಲ್ಲ. ಆ ದಿನವೆಲ್ಲ ಹಾಸ್ಟೆಲಿನ ಬೇವಿನ ಗಿಡದ ಕೆಳಗೆ ಇಬ್ಬರೇ ಕುಳಿತಿದ್ದೆವು. ನನಗೆ ಬಾರದ ಎರಡು ಬಗೆಯ ಲೆಕ್ಕವನ್ನು ಅವನು ನಾಲ್ಕು ನಾಲ್ಕು ಸಲ ಹೇಳಿಕೊಟ್ಟ. ಎರಡನೆಯ ಪೇಪರಿನಲ್ಲಿ ಅವೆರಡೂ ಬಂದವು. ನಾನು ಬಿಡಿಸಿದೆ. ಅವನೂ ಬಿಡಿಸಿ, ರೂಲು ತೆಗೆದ.

ಫಲಿತಾಂಶ ಬಂದಾಗ ಗಣಿತದಲ್ಲಿ ನಾನು ಕಾಲೇಜಿಗೇ ಮೊದಲು. ಅವನು ತಳದಿಂದ ಮೂರನೆಯವನು, ಪಾಸಾದದ್ದೇ ಹೆಚ್ಚು. ಅವ್ವನಿಗೆ ಹೇಳಿದೆ. "ಅವಂಗೇನಾತು? ಆರಾಮಿದ್ದಿಲ್ಲೇನು?" ಎಂದಳು. ನನ್ನ ನಂಬರು ಆಮೇಲೆ ಕೇಳಿದಳು. ಎರಡು ವಾರಕ್ಕೆ ಸಾಹೇಬರ ಶಿಫಾರಸು ಪತ್ರ ಟಪಾಲಿನಲ್ಲಿ ಬಂತು. ನಾನು ಅದನ್ನು ಎಷ್ಟು ಸಲ ಮಡಿಚಿ ಬಿಚ್ಚಿದೆನೆಂದರೆ ಮಡಿಕೆ ಹರಿಯಲು ಬಂದಿತ್ತು.

ಹೈದರಾಬಾದಿಗೆ ಹೊರಟ ದಿನ ಅವನು ಯಾದಗಿರಿ ಸ್ಟೇಷನ್ನಿಗೆ ಬಂದ. ಸುರಪುರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿದೆ ಎಂದು ಕೇಳಿದ್ದೆ. ಅಪ್ಪ ಅವ್ವ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಯಾರೊಂದಿಗೋ ಮಾತಿಗೆ ನಿಂತಿದ್ದರು. ಅವನು ನನ್ನ ಟ್ರಂಕನ್ನು ಎತ್ತಿ ಡಬ್ಬಿಯೊಳಗೆ ನೂಕಿದ, ಕಿಟಕಿಯ ಹತ್ತಿರ ಜಾಗ ಹಿಡಿದುಕೊಟ್ಟ, ಇಳಿದು ಕೆಳಗೆ ನಿಂತ.

"ನಾ ಸಾಹೇಬ್ರ ಕಡೆ ಹೋಗಿದ್ದೆ" ಎಂದ. "ನಂಬರ್ ಯಾಕ ಹೋದ್ವು ಅಂತ ಕೇಳಾಕ, ಆಫೀಸಿನ ಗುಮಾಸ್ತನ್ನ ನಡುವ ಮಾತಾಡಾಕ ಕರ್ಕೊಂಡು. ಎಡಗಡೀದು ಹೊಡದು ಹಾಕ್ದೆ ಅಂದೆ. ಅವ್ರು ತಲಿ ಹಿಡಕೊಂಡ್ರು. ನೋಟ್‌ಬುಕ್ಕಿನ್ಯಾಗ ಕೆಂಪು ಮಸೀಲೆ ಬರದಿದ್ನಲ್ಲಾ, ನಿನ್ನ ಜೋಡಿದಾವ ತೋರಸಲಿಲ್ಲೇನು ಅಂದ್ರು."

ನನ್ನ ಕಾಲ ಕೆಳಗಿನ ಡಬ್ಬಿ ಚಲಿಸಿದಂತಾಯಿತು. ಗಾಡಿ ಇನ್ನೂ ನಿಂತೇ ಇತ್ತು.

"ನಿಮ್ಮ ಪತ್ರ ಆಗ ಅವ್ರ ಮೇಜಿನ ಮ್ಯಾಲೇ ಇತ್ತು. ಇನ್ನಾ ಸಹಿ ಹಾಕಿದ್ದಿಲ್ಲ." ಅವನು ನನಗೆ ಎಂದೂ ನೀವು ಎಂದವನಲ್ಲ. "ತೋರಿಸ್ಯಾನ್ರಿ, ನಾನೇ ಮರ್ತೆ ಅಂತ ಹೇಳ್ದೆ. ಆಗ ಸಹಿ ಹಾಕಿದ್ರು."

"ಯಾಕ ಹಂಗ ಹೇಳ್ದಿ?" ಎಂದೆ.

ಅವನು ಕಿಟಕಿಯ ಸರಳು ಹಿಡಿದು, ಒಂದು ಲೆಕ್ಕವನ್ನು ನೋಡುವಂತೆ ನನ್ನನ್ನು ನೋಡಿದ.

"ನನಗ ಇಂಗ್ಲೀಷ್ ಬರಂಗಿಲ್ಲ. ನಿಮಗ ಲೆಕ್ಕ ಬರಂಗಿಲ್ಲ. ಇಬ್ರೂ ಇಲ್ಲೇ ಕೊಳಿಯೋದು ಯಾಕ? ಹೋಗ್ರಿ. ಹೋಗಿ ಅಲ್ಲ್ಯಾದ್ರೂ ಕಲೀರಿ."

ಗಾಡಿ ಬಿಟ್ಟಿತು. ಅವನು ಅವ್ವನ ಕಡೆ ನಡೆದ. ಅವಳು ಕಣ್ಣೊರೆಸಿಕೊಳ್ಳುತ್ತ ಅವನ ತೋಳು ಹಿಡಿದುಕೊಂಡಳು. ಪತ್ರ ನನ್ನ ಜೇಬಿನಲ್ಲಿತ್ತು, ಸೀಟು ನನ್ನದಾಗಿತ್ತು, ನಾಚಿಕೆಯಿಂದ ಸಾಯಬೇಕಾಗಿತ್ತು. ಆದರೆ ಆ ಕಿಟಕಿಯಲ್ಲಿ ಕುಳಿತು, ಪ್ಲಾಟ್‌ಫಾರ್ಮಿನಲ್ಲಿ ಉಳಿದ ಅವನನ್ನು ನೋಡಿ ನನಗಾದದ್ದು ಹೊಟ್ಟೆಕಿಚ್ಚೇ.