ಅಪ್ಪನ ಬಾಣಂತನ

ನಮ್ಮಪ್ಪ ಹುಟ್ಟಿನಿಂದಲೇ ಬೆಳ್ಳಗೆ. ಮೈ, ಕೂದಲು, ಕಣ್ಣಿನ ರೆಪ್ಪೆ ಎಲ್ಲ ಬಿಳಿ. ಅಂಥ ಚರ್ಮಕ್ಕೆ ಬಿಸಿಲು ಆಗಿಬರುವುದಿಲ್ಲ ಎಂದು ನಮ್ಮೂರು ಬೆಳವಣಕಿಯ ಎರೆಹೊಲದಲ್ಲಿ ಅರವತ್ತು ದಾಟುವವರೆಗೆ ದುಡಿದವನಿಗೆ ಹೇಳುವವರು ಯಾರು? ಹೇಳಿದರೂ ಕೇಳುವ ಪೈಕಿಯಲ್ಲ. ಹಣೆ, ಕೆನ್ನೆಯ ಮೇಲೆ ಒರಟು ಒರಟಾದ ಕಲೆಗಳೆದ್ದಾಗ "ಹೊಲದ ಧೂಳ ಅದು" ಎಂದು ಉಗುರಿನಿಂದ ಕೆರೆದು ಹಾಕುತ್ತಿದ್ದ. ಕೊನೆಗೆ ನಾನೇ ಜಗಳ ಮಾಡಿ ಹುಬ್ಬಳ್ಳಿಯ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

"ಇದಿನ್ನೂ ಕ್ಯಾನ್ಸರ್ ಅಲ್ಲ. ಹಿಂಗ ಬಿಟ್ರ ಆಗಬಹುದು," ಎಂದರು ಡಾಕ್ಟರಮ್ಮ. ಚಿಕಿತ್ಸೆ ಎಂದರೆ ಕಲೆಗಳಿಗೆ ಮುಲಾಮು ಹಚ್ಚುವುದು, ಅದು ಒಳಗಿಳಿಯುವ ತನಕ ಕಾಯುವುದು, ಆಮೇಲೆ ಕೆಂಪು ದೀಪದ ಕೆಳಗೆ ಮಲಗಿಸುವುದು. ಬೆಳಕು ಬಿದ್ದ ಕೂಡಲೇ ಮುಲಾಮು ಕೆಟ್ಟ ಚರ್ಮವನ್ನು ಸುಡುತ್ತದೆ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಬರಬೇಕು.

"ಬಿಸಲಿಂದ ಆಗಿದ್ದಕ್ಕ ಬೆಳಕ ಔಷಧ ಏನ್ರಿ?" ಎಂದು ಅಪ್ಪ ನಕ್ಕ. ದೀಪ ಹತ್ತಿದ ಮೇಲೆ ಆ ನಗು ನಿಂತಿತು. ಮುಖಕ್ಕೆ ಖಾರ ಅರೆದು ಬಳಿದಷ್ಟು ಉರಿಯಂತೆ. ಹೊರಗೆ ಬಂದವನೇ, "ಕ್ಯಾನ್ಸರ್ ಆದ್ರ ಆಗ್ಲಿ, ನಾ ಇನ್ನೊಮ್ಮೆ ಬರಾಂಗಿಲ್ಲ" ಎಂದುಬಿಟ್ಟ. ಬಸ್ಸಿನುದ್ದಕ್ಕೂ ನಾನು ಬೇಡಿಕೊಂಡೆ, ಬೈದೆ. ಅವನು ಮುಖದ ಮೇಲೆ ಟವೆಲ್ ಹೊದ್ದು ಕುಳಿತ.

ಎರಡು ದಿನ ಬಿಸಿಲು, ಜೋರು ಬೆಳಕು ತಾಗಬಾರದು, ಕತ್ತಲ ಕೋಣೆಯಲ್ಲಿರಲಿ ಎಂದಿದ್ದರು ಡಾಕ್ಟರು. ಮನೆಗೆ ಬಂದು ಅದನ್ನೇ ಅಪ್ಪನ ತಾಯಿಗೆ, ನಮ್ಮಜ್ಜಿಗೆ ಹೇಳಿದೆ. ಎಂಬತ್ತು ದಾಟಿದ ಅಜ್ಜಿ ಸೆರಗು ಸಿಕ್ಕಿಸಿ ಎದ್ದೇಬಿಟ್ಟಳು. ಕತ್ತಲ ಕೋಣೆ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ, ಬಾಣಂತನ. ಮಾಳಿಗೆಯ ಬೆಳಕಿಂಡಿಯ ಮೇಲೆ ಬುಟ್ಟಿ ಬೋರಲು ಹಾಕಿಸಿದಳು. ಬಾಗಿಲಿಗೆ ಕೌದಿ ಕಟ್ಟಿಸಿದಳು. ಅಪ್ಪನ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಅರಳೆ ತುರುಕಿ, ಬಾಣಂತಿಯರಿಗೆ ತಿನ್ನಿಸುವ ಅಂಟಿನುಂಡಿ ಕೈಗೆ ಕೊಟ್ಟಳು. ಉಂಡೆ ಸಿಕ್ಕಿದ ಮೇಲೆ ಅಪ್ಪನೂ ತಕರಾರು ಮಾಡಲಿಲ್ಲ. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಕಾಕಾ, ಏನ ಹಡದ್ರಿ? ಗಂಡೊ ಹೆಣ್ಣೊ?" ಎಂದಳು. ಕತ್ತಲೊಳಗಿಂದ, "ಅವಳಿ-ಜವಳಿ!" ಎಂದು ಉತ್ತರ ಬಂತು.

ಸಂಜೆ ಅಜ್ಜಿ ಅಗ್ಗಿಷ್ಟಿಗೆಯಲ್ಲಿ ಕೆಂಡ ತುಂಬಿ ತಂದು ಮಂಚದ ಕೆಳಗಿಟ್ಟಳು. ಮೊದಲೇ ಉರಿಯುತ್ತಿದ್ದ ಮುಖಕ್ಕೆ ಝಳ ಹೊಡೆದು ಅಪ್ಪ ಚೀರಿದ. ನಾನು ಓಡಿ ಬಂದು ಅದನ್ನು ಹೊರಗಿಟ್ಟು, "ಅಂವ ಏನ ಬಾಣಂತಿ ಏನ? ತಿಳಿಯಂಗಿಲ್ಲೇನ ನಿನಗ?" ಎಂದು ರೇಗಿದೆ.

ಅಜ್ಜಿ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ನನಗ ಯಾರೂ ಬಾಣಂತನ ಮಾಡಲಿಲ್ಲವ್ವಾ," ಎಂದಳು. "ಬಿಳೀ ಕೂಸ ಹಡದಾಳಂತ ನಮ್ಮತ್ತಿ ಖೋಲಿ ಸುದ್ದಾ ಕೊಡಲಿಲ್ಲ. ಹಸೀ ಬಾಣಂತಿ ಇವನ್ನ ಕಟಗೊಂಡು ಕಳೆ ತಗ್ಯಾಕ ಹೋದ್ನಿ. ಗಿಡಾ ಇರಲಿಲ್ಲ, ನೆರಳ ಇರಲಿಲ್ಲ. ಇವನ ಮಾರಿಗೆ ಮೊದಲ ಬಿಸಲ ಹಚ್ಚಿದಾಕಿ ನಾನ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮೇಲೆ ಅಂದಿನಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಮಂಚ ಕಿರ್ರೆಂದಿತು. ಅಪ್ಪ ಎದ್ದು ಬಂದು ಅಜ್ಜಿಯ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದ, ತನ್ನ ಹಾಸಿಗೆಯ ಮೇಲೆ ಕೂರಿಸಿದ.

"ಯವ್ವಾ, ಮುಂದಿನ ಸಲ ಹುಬ್ಬಳ್ಳಿಗೆ ನೀನೂ ಬಾ," ಎಂದ. "ಬಂದ ಮ್ಯಾಲ ಇಬ್ಬರೂ ಈ ಖೋಲ್ಯಾಗ ಇರೂಣು. ನಿನ್ನ ಬಾಣಂತನ ಉಳದೈತಲ್ಲ."