ಓಲೀಟ ಎತ್ತಿಕೊಟ್ಟ ಸಾಲು

ಹಾಡುಗಾರ ಡೆಲ್ಬರ್ಟ್ ಸ್ಟಾಂಪರನ ಮೇಲೆ ತೆಗೆದ ಸಿನಿಮಾ ನೋಡಿದವರೆಲ್ಲ ನಮ್ಮ ಕಡೆ ಬಂದರೆ ಕೇಳುವುದು ಒಂದೇ ಪ್ರಶ್ನೆ: ಮಗುವನ್ನು ಮಣ್ಣು ಮಾಡುವಾಗ ಹಾಡುವ ಆ ಮುದಿ ದನಿ ಯಾರದು? ಹಾಡಿನ ಪಟ್ಟಣ ನ್ಯಾಶ್‌ವಿಲ್ಲಿನ ಯಾವ ಗಾಯಕಿಯದೂ ಅಲ್ಲ. ನಮ್ಮೂರು ಕಾಡಿಲ್ ಹಳ್ಳದ ಓಲೀಟಳದು. ಡೆಲ್ಬರ್ಟನ ಹೆಂಡತಿ. ಶಾಲೆಯ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಇಪ್ಪತ್ತೆಂಟು ವರ್ಷ ರೊಟ್ಟಿ ಬೇಯಿಸಿದವಳು. ಗಂಡನ ಬಗ್ಗೆ ಪತ್ರಿಕೆಯವರು ಬೇಕಾದಷ್ಟು ಬರೆದಿದ್ದಾರೆ, ಬರೆದುಕೊಳ್ಳಲಿ. ನಾನು ಅವಳ ಗೆಳತಿ ಫೇ. ಅವಳ ಬಗ್ಗೆ ನಾನಲ್ಲದೆ ಇನ್ಯಾರು ಬರೆಯಬೇಕು?

ಆಳು ಗಿಡ್ಡ, ಮಾತು ಕಡಿಮೆ. ಆದರೆ ಮುನ್ನೂರು ಮಕ್ಕಳಲ್ಲಿ ಸೋಮವಾರ ಯಾರು ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆಂದು ಮುಖ ನೋಡಿಯೇ ಹೇಳುತ್ತಿದ್ದಳು. ಒಮ್ಮೆ ಮೇಲಿನಿಂದ ಸಾಹೇಬರೊಬ್ಬರು ಬಂದು, ಮಗುವಿಗೆ ಒಂದೇ ತುಂಡು ಮೆಕ್ಕೆಜೋಳದ ರೊಟ್ಟಿ, ಎರಡು ಕೊಡಕೂಡದು ಎಂದು ಆಜ್ಞೆ ಮಾಡಿ ಹೋದರು. ಮಾರನೆಯ ದಿನದಿಂದ ಓಲೀಟ ರೊಟ್ಟಿಯನ್ನು ಅಂಗೈ ಅಗಲ ಕತ್ತರಿಸತೊಡಗಿದಳು. "ಒಂದೇ ತಾನೇ ಕೊಟ್ಟಿದ್ದು?" ಎಂದಳು. ಇಂಥವಳನ್ನು ಮೆಚ್ಚದೆ ಇರುವುದು ಹೇಗೆ ಹೇಳಿ.

ನಮ್ಮ ಚರ್ಚಿನಲ್ಲಿ ವಾದ್ಯ ಬಾರಿಸುವಂತಿಲ್ಲ. ಹಿರಿಯನೊಬ್ಬ ಹಾಡಿನ ಒಂದೊಂದೇ ಸಾಲು ಎತ್ತಿಕೊಡುತ್ತಾನೆ, ಉಳಿದವರು ಅದನ್ನು ಎತ್ತಿಕೊಂಡು ನಿಧಾನವಾಗಿ ಎಳೆದು ಹಾಡುತ್ತೇವೆ, ಅಷ್ಟೇ. ಡೆಲ್ಬರ್ಟನ ಅಪ್ಪ ಸಾಲು ಎತ್ತಿಕೊಡುವವನು. ಮಗನ ದನಿ ಅಪ್ಪನಿಗಿಂತ ಒಂದು ಕೈ ಮೇಲು. ಆದರೆ ಹುಡುಗ ಎಲ್ಲಿಂದಲೋ ಗಿಟಾರು ತಂದ. ಗಿಟಾರು ಬೇಕೋ ಚರ್ಚು ಬೇಕೋ ಎಂದರು ಹಿರಿಯರು. ಅವನು ಗಿಟಾರು ಎತ್ತಿಕೊಂಡು ರೇಡಿಯೋ ಸ್ಟೇಷನ್ನಿಗೆ ಹೋದ, ಅಲ್ಲಿಂದ ನ್ಯಾಶ್‌ವಿಲ್ಲಿಗೆ. ಅವನನ್ನು ಮದುವೆಯಾದ ಮೇಲೂ ಓಲೀಟ ಕಾಡಿಲ್ ಹಳ್ಳ ಬಿಟ್ಟು ಕದಲಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅವನು ತಿಂಗಳಿಗೊಮ್ಮೆ ಮನೆಗೆ ಬರುವುದು, ಕುಡಿಯುವುದು, ಒಮ್ಮೆ ಹೊಸ ಕಾರನ್ನು ಹಳ್ಳಕ್ಕೇ ಇಳಿಸಿದ್ದೂ ಆಯಿತು. ಇವಳು ಅವನ ಬಟ್ಟೆಯನ್ನೆಲ್ಲ ಒಗೆಯುವ ತೊಟ್ಟಿಗೆ ತುಂಬಿ ರಸ್ತೆಯಲ್ಲಿ ಇಟ್ಟು ಬರುವಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಂಡ ಮೇಲೆ ಜೋರಾಗುತ್ತಿತ್ತು.

ಅವರಿಗೆ ಇದ್ದದ್ದು ಒಂದೇ ಮಗು, ವಿಲ್ಮ. ಒಂಬತ್ತು ವರ್ಷ. ಅರವತ್ತೆಂಟನೆಯ ಇಸವಿ ಮಾರ್ಚಿನಲ್ಲಿ ಜ್ವರ ಹಿಡಿಯಿತು. ಗುರುವಾರ ಓಲೀಟ ಅಂಗಡಿಗೆ ಓಡಿ ಡೆಲ್ಬರ್ಟನಿಗೆ ಫೋನು ಮಾಡಿದಳು. "ಶನಿವಾರ ದೊಡ್ಡ ಕಾರ್ಯಕ್ರಮ ಇದೆ, ಮುಗಿಸಿ ಭಾನುವಾರ ಹೊರಡ್ತೀನಿ" ಅಂದನಂತೆ. ಶನಿವಾರ ಮಧ್ಯಾಹ್ನ ಮಗು ಹೋಯಿತು. ಸೋಮವಾರ ಗುಡ್ಡದ ಮೇಲೆ ಮಣ್ಣು ಮಾಡಿದೆವು. ಅಪ್ಪ ಬರಲಿಲ್ಲ.

ಎಲ್ಲೋ ಕುಡಿದು ಬಿದ್ದಿದ್ದಾನೆ ಎಂದು ಊರೆಲ್ಲ ಆಡಿಕೊಂಡಿತು. ಎಲ್ಲರಿಗಿಂತ ಗಟ್ಟಿಯಾಗಿ ಆಡಿದವಳು ನಾನೇ. ಪತ್ರಿಕೆಯವರು ಕೇಳಿದಾಗಲೂ ಅವನು "ನಾನು ಅಲ್ಲಿರಲಿಲ್ಲ" ಎಂದನೇ ಹೊರತು ಬೇರೆ ಮಾತಿಲ್ಲ. ಅಡುಗೆಮನೆಯ ರೇಡಿಯೋದಲ್ಲಿ ಅವನ ಹಾಡು ಬಂದರೆ ನಾನು ಓಡಿಹೋಗಿ ಆರಿಸುತ್ತಿದ್ದೆ. ಮುಂದೆ ಅವನ ತಾಯಿ ತೀರಿಕೊಂಡಾಗ ಊರಿಗೆ ಬಂದ. ಚರ್ಚಿನ ಬಾಗಿಲಲ್ಲಿ ನನ್ನ ಮುಂದೆ ಕೈ ಚಾಚಿದ. ನಮ್ಮಲ್ಲಿ ಕೈ ಹಿಡಿಯುವುದು ಬರೀ ಉಪಚಾರವಲ್ಲ. ತಪ್ಪು ಮಾಡಿದವರು ಸಭೆಯ ಮುಂದೆ ಎದ್ದು ಹೇಳಬೇಕು. ಕೇಳಿದವರು ಹೋಗಿ ಕೈ ಹಿಡಿದರೆ ಮತ್ತೆ ನಮ್ಮವರು, ಯಾರೂ ಹಿಡಿಯದಿದ್ದರೆ ಹೊರಗಿನವರು. ನಾನು ನನ್ನ ಬಲಗೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡೆ. ಪಕ್ಕದಲ್ಲೇ ಓಲೀಟ ನಿಂತಿದ್ದಳು. ಅವಳ ಪರವಾಗಿ ಒಂದು ದೊಡ್ಡ ಕೆಲಸ ಮಾಡಿದೆ ಎಂದು ಎಷ್ಟೋ ವರ್ಷ ಬೀಗಿದ್ದೆ.

ಡೆಲ್ಬರ್ಟ್ ಸತ್ತು ಮೂರು ವರ್ಷಕ್ಕೆ ಸಿನಿಮಾದವರು ಬಂದರು. ಓಲೀಟಳ ಪಾತ್ರ ಮಾಡುವ ನಟಿ ಅವಳ ಮನೆಯ ಜಗಲಿಯಲ್ಲಿ ವಾರಗಟ್ಟಲೆ ಕೂತಳು. ಹುರುಳಿಕಾಯಿಯ ನಾರು ತೆಗೆಯುವುದನ್ನು ಕಲಿಯಬೇಕಂತೆ. ನಾರು ಬಿಟ್ಟು ಕಾಯಿಯನ್ನೇ ಬಿಸಾಡುತ್ತಿದ್ದಳು ಪುಣ್ಯಾತ್ಗಿತ್ತಿ. ಒಂದು ದಿನ ಸಿನಿಮಾದ ಬರಹ ತಂದು ಓದಿದಳು: ತಾಯಿ ಒಬ್ಬಳೇ ಗೋರಿಯ ಮುಂದೆ, ತಂದೆ ಎಲ್ಲೋ ಹೋಟೆಲಿನಲ್ಲಿ ಬಾಟಲಿಯ ಮುಂದೆ. ಓದಿ ಕಣ್ಣೊರೆಸಿಕೊಂಡು, "ನೀವು ದೇವತೆ ಅಮ್ಮಾ" ಅಂದಳು.

ಮಾರನೆಯ ಬೆಳಿಗ್ಗೆ ಓಲೀಟ ನನ್ನ ಮನೆಗೆ ಬಂದಳು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ಅವನು ಬಂದಿದ್ದ ಕಣೇ ಫೇ."

"ಯಾರೇ?"

"ಡೆಲ್ಬರ್ಟ್. ಆ ಸೋಮವಾರ. ಬೆಳಿಗ್ಗೆ ಗುಂಡಿ ನೋಡೋಣ ಅಂತ ನಾನೊಬ್ಳೇ ಗುಡ್ಡ ಹತ್ತಿದ್ದೆ. ಆ ಕಡೆಯಿಂದ ನಡ್ಕೊಂಡು ಬಂದು ಬೇಲಿ ಆಚೆ ನಿಂತಿದ್ದ. ಒಂದು ಹನಿ ಕುಡಿದಿರ್ಲಿಲ್ಲ. ನೀನು ಒಳಗೆ ಕಾಲಿಟ್ರೆ ನಾನು ಮಗೂನ ಇಲ್ಲಿಗೆ ತರೋದೇ ಇಲ್ಲ ಅಂದೆ."

ನಾನು ಕಾಫಿಯ ಪಾತ್ರೆಯನ್ನು ಕೆಳಗಿಟ್ಟೆ.

"ಒಂದೇ ಒಂದು ಸಾಲು ಎತ್ತಿಕೊಡ್ತೀನಿ ಓಲೀ, ಆಮೇಲೆ ಹೋಗ್ತೀನಿ ಅಂದ. ನಿನ್ನ ಹಾಡು ಶನಿವಾರದ ಜನಕ್ಕೇ ಇರ್ಲಿ ಅಂದೆ. ಹೋದ. ಸಾಯೋ ತನಕ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಅಲ್ವೇ, ಅವತ್ತು ನಾನು ಕೈ ಕೊಡ್ದೆ ಇದ್ದಾಗ ಪಕ್ಕದಲ್ಲೇ ನಿಂತಿದ್ದೆಯಲ್ಲೇ! ನೋಡ್ತಾ ಇದ್ದೆಯಲ್ಲೇ!"

"ನೋಡ್ತಾ ಇದ್ದೆ."

ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚು, ಅವಳಿಗೆ ಏನಾಗಿಬಿಡುತ್ತದೋ ಎಂದು ಭಯವಾಯಿತು. "ಹಾಳಾಗಿ ಹೋಗ್ಲಿ, ಇನ್ನು ಯಾರಿಗೂ ಹೇಳ್ಬೇಡ. ಮೂವತ್ತಾರು ವರ್ಷ ಊರು ನಿನ್ನನ್ನ ತಲೆ ಮೇಲೆ ಹೊತ್ಕೊಂಡಿದೆ. ಈಗ ಕೆಳಗೆ ಎತ್ತಿಹಾಕುತ್ತೆ, ಈ ವಯಸ್ಸಲ್ಲಿ ಸೊಂಟ ಮುರೀತದೆ. ಸತ್ತೋನಿಗೆ ಏನು ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ."

"ಅಷ್ಟು ಚುಚ್ಚುತ್ತಾ ಇದ್ರೆ ನಿರ್ದೇಶಕರ ಕಿವೀಲಿ ಹೇಳು. ಊರಿಗೆ ಯಾಕೆ?"

"ತಪ್ಪನ್ನ ಸಭೆ ಮುಂದೆ ಹೇಳ್ಬೇಕು. ಕಿವೀಲಿ ಹೇಳೋದು ಚಾಡಿ."

ಎದ್ದು ಹೋದಳು. ಯಾವಾಗ ಹೇಳುತ್ತಾಳೆ, ಹೇಳಿಯೇ ಬಿಡುತ್ತಾಳಾ ಎಂದು ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಮಣ್ಣು ಮಾಡುವ ದೃಶ್ಯವನ್ನು ನಮ್ಮದೇ ಗುಡ್ಡದ ಮೇಲೆ, ನಮ್ಮನ್ನೇ ನಿಲ್ಲಿಸಿ ತೆಗೆದರು. ನಲವತ್ತು ಜನ, ಎಲ್ಲರಿಗೂ ಹಳೆಯ ಕಾಲದ ಬಟ್ಟೆ. ಸಾಲು ಎತ್ತಿಕೊಡಲು ನಮ್ಮ ಚರ್ಚಿನ ಹಿರಿಯ, ಎಂಬತ್ತೆರಡು ದಾಟಿದ ಹೈರಮ್ ಅಣ್ಣ. ನಡುವೆ ಪುಟ್ಟ ಖಾಲಿ ಪೆಟ್ಟಿಗೆ. ಖಾಲಿ ಎಂದು ಗೊತ್ತಿದ್ದರೂ ಅದರ ಕಡೆ ನೋಡಲಾಗುತ್ತಿರಲಿಲ್ಲ. ಡೆಲ್ಬರ್ಟನ ಪಾತ್ರದವನಿಗೆ ಆ ದಿನ ಕೆಲಸವಿರಲಿಲ್ಲ. ನಲವತ್ತು ದಾಟಿದ ಮನುಷ್ಯ, ಡೆಲ್ಬರ್ಟನದೇ ಥರದ ಟೋಪಿ ಹಾಕಿಕೊಂಡು, ಕಾಫಿ ಹಿಡಿದು, ಸುಮ್ಮನೆ ನೋಡಲೆಂದು ಬೇಲಿಯ ಆಚೆ ನಿಂತಿದ್ದ.

ಹೈರಮ್ ಅಣ್ಣ ಪುಸ್ತಕ ತೆರೆದ. ಆಗ ಕುರ್ಚಿಯಲ್ಲಿ ಕೂರಿಸಿದ್ದ ಓಲೀಟ ಎದ್ದಳು.

"ನಾನು ಒಂದು ತಪ್ಪು ಹೇಳ್ಬೇಕು" ಎಂದಳು. ಹೇಳಿದಳು. ಅಳಲಿಲ್ಲ, ಮಗುವಿನ ಜ್ವರವನ್ನು ನೆವವಾಗಿ ಮುಂದಿಡಲಿಲ್ಲ, ಶನಿವಾರದ ಮಾತನ್ನೇ ಎತ್ತಲಿಲ್ಲ. "ಅವನು ಬಂದಿದ್ದ. ನಾನು ಒಳಗೆ ಬಿಡ್ಲಿಲ್ಲ. ನೀವೆಲ್ಲ ಅವನಿಗೆ ಬೈಯುವಾಗ ನಾನು ಸುಮ್ಮನಿದ್ದೆ. ಸುಮ್ಮನಿದ್ದು ನಿಮ್ಮ ಪ್ರೀತಿ ತಿಂದೆ."

ಇನ್ನು ಯಾರಾದರೂ ಹೋಗಿ ಅವಳ ಕೈ ಹಿಡಿಯಬೇಕು. ಯಾರೂ ಕದಲಲಿಲ್ಲ. ಹೈರಮ್ ಅಣ್ಣ ಪುಸ್ತಕದಿಂದ ತಲೆಯೆತ್ತಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತಾರು ವರ್ಷ ಒಬ್ಬನನ್ನು ಶಪಿಸಿದ ಬಾಯಿಗಳು, ಪಾಪ, ಎಲ್ಲಿಗೆ ಹೋಗಬೇಕು? ಹೋಗಬೇಕಾಗಿದ್ದವಳು ನಾನು. ನನ್ನ ಕೈ ಏಳಲಿಲ್ಲ. ಸುಳ್ಳೇಕೆ ಹೇಳಲಿ, ಸಿಟ್ಟಿತ್ತು.

ಓಲೀಟ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬೇಲಿಯ ಕಡೆ ತಿರುಗಿದಳು.

"ಏನಪ್ಪಾ, ಹೊರಗೆ ಯಾಕೆ ನಿಂತಿದ್ದೀಯ? ಒಳಗೆ ಬಾ."

ಆ ನಟ ನಿರ್ದೇಶಕರ ಮುಖ ನೋಡಿದ. ಅವರು ಹೂಂ ಎಂದು ತಲೆಯಾಡಿಸಿದರು. ಕಾಫಿಯನ್ನು ಹುಲ್ಲಿನ ಮೇಲಿಟ್ಟು, ಟೋಪಿ ತೆಗೆದು, ಗೇಟು ದಾಟಿ ಬಂದ. ಅವಳು ಅವನನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿದಳು.

"ಒಂದು ಸಾಲು ಎತ್ತಿಕೊಡು."

"ನಂಗೆ ಬರಲ್ಲ ಅಮ್ಮಾ. ನಾನು ಕ್ಯಾಲಿಫೋರ್ನಿಯಾ ಕಡೆಯವನು."

"ಗೊತ್ತು ಬಿಡು. ಅವನಿಗೆ ಬರ್ತಿತ್ತು, ನಾನು ಬಿಡ್ಲಿಲ್ಲ. ಅವನ ಬದಲಿಗೆ ನಾನೇ ಎತ್ತಿಕೊಡ್ತೀನಿ."

ನಮ್ಮಲ್ಲಿ ಹೆಂಗಸರು ಸಾಲು ಎತ್ತಿಕೊಡುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲೂ ಇಲ್ಲ. ಅವಳು ಎತ್ತಿದಳು. ದನಿ ಒಡೆದಿತ್ತು, ಆದರೆ ರಾಗ ಎಳ್ಳಷ್ಟೂ ತಪ್ಪಲಿಲ್ಲ. ಸಾಲು ಮುಗಿಯಿತು. ನಾವು ಎತ್ತಿಕೊಳ್ಳಬೇಕಾದ ಜಾಗದಲ್ಲಿ ಯಾರ ದನಿಯೂ ಇರಲಿಲ್ಲ. ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಅಯ್ಯೋ, ಇಡೀ ಊರಿನ ಮಕ್ಕಳಿಗೆ ಉಣ್ಣಿಸಿದ ಹೆಂಗಸು, ಒಂದು ಸಾಲು ಎತ್ತಿಕೊಳ್ಳುವವರಿಲ್ಲದೆ ನಿಂತಿದ್ದಳು.

ನನ್ನ ಗಂಟಲು ನನ್ನನ್ನು ಕೇಳದೆ ತೆರೆಯಿತು. ನಾನೊಬ್ಬಳೇ, ಅಪಸ್ವರದಲ್ಲಿ. ಆಮೇಲೆ ಹೈರಮ್ ಅಣ್ಣ ಸೇರಿದ. ಆಮೇಲೆ ಎಲ್ಲರೂ. ಕ್ಯಾಮೆರಾ ಓಡುತ್ತಲೇ ಇತ್ತಂತೆ, ಸಿನಿಮಾದಲ್ಲಿ ನೀವು ಕೇಳುವುದು ಅದನ್ನೇ.

ಹಾಡುತ್ತಲೇ ನಡೆದು ಹೋದೆ. ಎಡಗೈಯಲ್ಲಿ ಓಲೀಟಳ ಕೈ ಹಿಡಿದೆ. ಬಲಗೈಯನ್ನು ಟೋಪಿ ಹಿಡಿದು ನಿಂತಿದ್ದ ಆ ನಟನ ಮುಂದೆ ಚಾಚಿದೆ. ಅವನಿಗೆ ಯಾಕೆಂದು ಗೊತ್ತಾಗಲಿಲ್ಲ, ಪಾಪ, ಆದರೂ ಹಿಡಿದುಕೊಂಡ. ಆವತ್ತು ಚರ್ಚಿನ ಬಾಗಿಲಲ್ಲಿ ನಾನು ಜೇಬಿಗೆ ತುರುಕಿಕೊಂಡಿದ್ದು ಇದೇ ಕೈ.